ಸೊಸೈಟಿ ಎಂಬ ಮಾತು ಬಂದ ದಾರಿ



ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕಾರ್ಯದರ್ಶಿಗಳು ಕೇಳಿದರು. ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದ ನಾವು ಬರೆಯುವುದೇನು? ಕೊನೆಗೆ ದಿನವೂ ನಮ್ಮ ಬಾಯಲ್ಲಿರುವ 'ಸೊಸೈಟಿ' ಎಂಬ ಇಂಗ್ಲಿಷ್ ಮಾತನ್ನೇ ಹಿಡಿದೆವು.

ಬೋರ್ಡಿನ ಮೇಲೆ 'ಸಹಕಾರ ಸಂಘ ನಿಯಮಿತ' ಎಂದು ಎಷ್ಟು ದಪ್ಪಗೆ ಬರೆಸಿದರೂ ಜನ ಕರೆಯುವುದು ಸೊಸೈಟಿ ಅಂತಲೇ. ಸೊಸೈಟಿ ಅಕ್ಕಿ, ಸೊಸೈಟಿ ಗೊಬ್ಬರ, ಸೊಸೈಟಿ ಸಾಲ. ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲು ನಿಲ್ಲುತ್ತಿದ್ದ ಕಾಲದಲ್ಲಿ ರೇಷನ್ ಕೊಡುವ ಜಾಗವೆಲ್ಲ ಸೊಸೈಟಿಯೇ. ಹಾಲು ಉತ್ಪಾದಕರ ಸಂಘವೂ ಕಾನೂನಿನ ಪ್ರಕಾರ ಸೊಸೈಟಿಯೇ, ಆದರೆ ಅದು ಮಾತ್ರ ನಮಗೆ 'ಡೇರಿ'! ಪೇಟೆಯವರು 'ಸೊಸೈಟಿ ಏನನ್ನುತ್ತೆ' ಅಂದರೆ ಅಲ್ಲಿ ಅದು ಸಮಾಜ. ನಮ್ಮ ಡ್ಯಾಮಿನ ಸೈಫನ್ನಿಗೆ ನಾವು ಕನ್ನಡ ಹುಡುಕಲಿಲ್ಲ, ಇದಕ್ಕೂ ಹಾಗೇ.

ಈ ಮಾತಿನ ಮೂಲ ಲ್ಯಾಟಿನ್ ಭಾಷೆಯ 'ಸೋಸಿಯಸ್', ಅಂದರೆ ಜೊತೆಗಾರ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರೇ ಮೊದಲಾದ 28 ಜನ ಬಡವರು ತಲೆಗೊಂದು ಪೌಂಡು ಹಾಕಿ ಅಂಗಡಿ ತೆರೆದರು. ಮಾರಿದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ. ಅವರ ಸಂಘದ ಹೆಸರಿನಲ್ಲೇ ಸೊಸೈಟಿ ಎಂದಿತ್ತು. ನಮ್ಮ ದೇಶಕ್ಕೆ ಸಹಕಾರ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತ ಬಿಡಿಸಿಕೊಳ್ಳಬೇಕು ಎಂಬುದೇ ಅದರ ಗುರಿ. ನಮ್ಮ ಮೈಸೂರು ಸಂಸ್ಥಾನವೂ ಅದೇ 1905ರಲ್ಲಿ ತನ್ನದೇ ಕಾನೂನು ಮಾಡಿತು. 2012ರಲ್ಲಿ ಸಹಕಾರ ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಗೇ ಸೇರಿತು.

ಜೊತೆಗಾರ ಎಂಬ ಅರ್ಥ ಮಾತ್ರ ದಾರಿಯಲ್ಲೆಲ್ಲೋ ಉದುರಿಹೋಗಿದೆ. ನಾವೂ ಸಾಚಾ ಏನಲ್ಲ, ನಿರ್ದೇಶಕರಾಗುವ ಮೊದಲು ಮಹಾಸಭೆಗೆ ಬರುತ್ತಿದ್ದುದು ತಿಂಡಿ ಹೊತ್ತಿಗೇ.

ಒಮ್ಮೆ ಬಾಕಿ ಕೇಳಲು ಹೋದಾಗ ಹಿರಿಯರೊಬ್ಬರು, 'ಸೊಸೈಟಿ ಸರ್ಕಾರದ್ದಲ್ವೇನಪ್ಪ, ಇವತ್ತಲ್ಲ ನಾಳೆ ಮನ್ನಾ ಆಯ್ತದೆ ಬಿಡು' ಅಂದರು. 'ನಿಮ್ಮ ಷೇರು ಪತ್ರ ಒಂದಪ ತೆಗೀರಿ ಯಜಮಾನ್ರೆ' ಅಂದೆವು. ಟ್ರಂಕಿನ ತಳದಿಂದ ತೆಗೆದರು. ಮೊಮ್ಮಗಳು ಓದಿದಳು, ಅವರದೇ ಹೆಸರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ನಂಗೆ ನಾನೇ ಬಾಕಿಯಾ?' ಅಂತ ನಕ್ಕರು.

ರಾಗಿ ಮಾರಿದ ಮೇಲೆ ಅರ್ಧ ಕಟ್ಟಿದರು. ಉಳಿದರ್ಧ ಇನ್ನೂ ಬರಬೇಕು.