ಸರ್ಕಾರದ ಗೆರೆ, ಜನರ ದಾರಿ

ಒಂದು ಇಡೀ ದೇಶದ ರಸ್ತೆಗಳನ್ನು ಯಾರಾದರೂ ಬಿಟ್ಟಿಯಾಗಿ ಕೊಡ್ತೀವಿ ಅಂದರೆ ಬೇಡ ಅನ್ನೋಕಾಗತ್ತಾ? 2007ರಲ್ಲಿ ಅಮೆರಿಕದ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಗದ ಮುಂದೆ ಇದ್ದದ್ದು ಇದೇ ಪ್ರಶ್ನೆ. ಅವರು ಬೇಡ ಅನ್ನಲಿಲ್ಲ. ಕೆಲವೇ ತಿಂಗಳಲ್ಲಿ ದೇಶದ ರಸ್ತೆಗಳನ್ನೆಲ್ಲ ನಕ್ಷೆಯೊಳಗೆ ಸುರಿದರು. ಆವತ್ತು ಸುರಿದದ್ದನ್ನು ಸರಿಮಾಡುವ ಕೆಲಸ ಆಮೇಲೆ ವರ್ಷಗಟ್ಟಲೆ ನಡೆಯಿತು, ಇನ್ನೂ ಪೂರ್ತಿ ಮುಗಿದಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್ ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳಬೇಕಂದ್ರೆ, ಅದು ನಕ್ಷೆಗಳ ವಿಕಿಪೀಡಿಯ. ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. 2004ರಲ್ಲಿ ಇದನ್ನು ಶುರುಮಾಡಿದ್ದು ಲಂಡನ್ನಿನಲ್ಲಿ ಓದುತ್ತಿದ್ದ ಸ್ಟೀವ್ ಕೋಸ್ಟ್. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆ 1791ರಿಂದ ಇದೆ. ಜನರ ದುಡ್ಡಲ್ಲೇ ಬೆಳೆದ ಸಂಸ್ಥೆ, ಆದರೆ ಅದರ ಮಾಹಿತಿ ಬೇಕಂದ್ರೆ ಆಗ ಮತ್ತೆ ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕಿತ್ತು. ಹಾಗಾದ್ರೆ ನಮ್ಮ ನಕ್ಷೆ ನಾವೇ ಮಾಡ್ಕೋತೀವಿ ಅಂತ ಜನ ಜಿಪಿಎಸ್ ಹಿಡಿದು ಬೀದಿಗಿಳಿದರು. 2006ರಲ್ಲಿ ಒಂದಷ್ಟು ಜನ ಸೇರಿ ವಾರಾಂತ್ಯಕ್ಕೆ ಐಲ್ ಆಫ್ ವೈಟ್ ಅನ್ನುವ ದ್ವೀಪಕ್ಕೆ ಹೋಗಿ, ನಡೆದು, ಸೈಕಲ್ ತುಳಿದು ಅಲ್ಲಿನ ರಸ್ತೆಗಳನ್ನು ದಾಖಲಿಸಿ ಬಂದರು. ಜರ್ಮನಿಯಲ್ಲೂ ನಕ್ಷೆ ಬೆಳೆದದ್ದು ಬಹುಮಟ್ಟಿಗೆ ಹೀಗೇ, ಬೀದಿ ಬೀದಿ ಸುತ್ತಿ.

ಅಮೆರಿಕದ ಕಥೆಯೇ ಬೇರೆ. ಅಲ್ಲಿನ ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ತಯಾರಿಸಿದ್ದಕ್ಕೆ ದೇಶದೊಳಗೆ ಕಾಪಿರೈಟ್ ಇಲ್ಲ. ಹಾಗಾಗಿ ಜನಗಣತಿ ಇಲಾಖೆಯ ಟೈಗರ್ ಅನ್ನುವ ಮಾಹಿತಿಕೋಶ ಎಲ್ಲರಿಗೂ ತೆರೆದಿತ್ತು. ಮೊದಲ ಸಲ ಅದನ್ನು ಹಾಕೋಕೆ ಹೋದಾಗ ಗುಣಮಟ್ಟದ ತೊಂದರೆ ಕಾಣಿಸಿ ಅರ್ಧಕ್ಕೇ ನಿಲ್ಲಿಸಿದರು. 2007ರಲ್ಲಿ ಶುರುವಾದ ಎರಡನೇ ಪ್ರಯತ್ನ 2008ರ ಮೊದಲ ತಿಂಗಳುಗಳಲ್ಲಿ ಮುಗಿಯಿತು. ಅಮೆರಿಕದ ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಅಥವಾ ತಾಲ್ಲೂಕು ಇದ್ದಂತೆ. ಅಂಥ 3,000ಕ್ಕೂ ಹೆಚ್ಚು ಕೌಂಟಿಗಳ ರಸ್ತೆಗಳನ್ನು ಸ್ಕ್ರಿಪ್ಟ್‌ಗಳು ಒಂದಾದ ಮೇಲೊಂದು ಅಪ್‌ಲೋಡ್ ಮಾಡಿದವು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಟೈಗರ್ ಹುಟ್ಟಿದ್ದು ಯಾತಕ್ಕೆ?

ಅಮೆರಿಕದ ಸಂವಿಧಾನವೇ ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸಬೇಕು ಅನ್ನತ್ತೆ. 1790ರಿಂದ ಅದು ನಡೆದುಕೊಂಡು ಬಂದಿದೆ. ಎಣಿಸೋಕೆ ಹೋಗುವವರಿಗೆ ಮುಖ್ಯವಾಗಿ ಬೇಕಾದದ್ದು ಈ ಮನೆ ಯಾವ ಬ್ಲಾಕಿಗೆ ಸೇರತ್ತೆ, ರಸ್ತೆಯ ಎಡಕ್ಕೋ ಬಲಕ್ಕೋ ಅನ್ನೋದು. ಒಂದೇ ಮನೆಯನ್ನು ಎರಡು ಸಲ ಎಣಿಸಬಾರದು, ಯಾವುದನ್ನೂ ಬಿಡಬಾರದು, ಅಷ್ಟೆ. ರಸ್ತೆ ನಿಜವಾದ ಜಾಗಕ್ಕಿಂತ ಮೂವತ್ತು ಮೀಟರ್ ಆಚೆ ಬಿದ್ದರೂ ಈ ಲೆಕ್ಕ ತಪ್ಪಲ್ಲ. ನಮ್ಮ ಮೆಟ್ರೋ ರೈಲಿನೊಳಗೆ ಬಾಗಿಲ ಮೇಲಿರುವ ಚಿತ್ರವನ್ನು ನೆನಪಿಸಿಕೊಳ್ಳಿ. ಯಾವ ನಿಲ್ದಾಣ ಆದಮೇಲೆ ಯಾವುದು ಅನ್ನೋದು ಅಲ್ಲಿ ಪಕ್ಕಾ, ದೂರ ಮತ್ತು ದಿಕ್ಕು ಮಾತ್ರ ಸುಳ್ಳು. ಆದರೂ ಯಾರೂ ದೂರು ಕೊಡಲ್ಲ, ಯಾಕಂದ್ರೆ ಅದರ ಕೆಲಸ ಅಷ್ಟೇ.

1960ರ ದಶಕದ ಕೊನೆಗೆ ಇದೇ ತರ್ಕವನ್ನು ಕಂಪ್ಯೂಟರಿಗೆ ತಂದು ಜನಗಣತಿ ಇಲಾಖೆ ಡೈಮ್ ಅನ್ನುವ ಪದ್ಧತಿ ರೂಪಿಸಿತು. ರಸ್ತೆಯ ಪ್ರತಿ ತುಂಡಿಗೂ ಎರಡು ತುದಿ, ಎಡಗಡೆಯ ಬ್ಲಾಕ್, ಬಲಗಡೆಯ ಬ್ಲಾಕ್ ಅಂತ ದಾಖಲೆ. ಇಂಜಿನಿಯರಿಂಗಲ್ಲಿ ಗ್ರಾಫ್ ಥಿಯರಿ ಓದಿದವರಿಗೆ ತಕ್ಷಣ ಹೊಳೆಯುವ ಯೋಚನೆ. 1990ರ ಗಣತಿಗೆ ಅದನ್ನೇ ದೇಶದಗಲಕ್ಕೆ ಹಿಗ್ಗಿಸಿ, ಭೂಸರ್ವೇಕ್ಷಣ ಇಲಾಖೆಯ 1:1,00,000 ಅಳತೆಯ ನಕ್ಷೆಗಳನ್ನೂ ಸೇರಿಸಿ ಮಾಡಿದ್ದು ಟೈಗರ್. ಆ ಅಳತೆಯಲ್ಲಿ ಹಾಳೆಯ ಮೇಲಿನ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 100 ಮೀಟರ್. ಅರ್ಧ ಮಿಲಿಮೀಟರ್ ತಪ್ಪಿದರೆ ರಸ್ತೆ ಪಕ್ಕದ ಬೀದಿಗೇ ಹೋಗಿ ಕೂತಿರತ್ತೆ.

ಎಣಿಸೋಕೆ ಮಾಡಿದ ಈ ನಕ್ಷೆಯನ್ನು ದಾರಿ ತೋರಿಸುವ ನಕ್ಷೆಯೊಳಗೆ ತಂದಾಗ ಆಗಬೇಕಾದದ್ದೇ ಆಯಿತು. ಟೈಗರಿನಲ್ಲಿ ಊರೊಳಗಿನ ಬೀದಿ, ಬಡಾವಣೆಯ ರಸ್ತೆ, ಹಳ್ಳಿಗಾಡಿನ ರಸ್ತೆ ಎಲ್ಲಕ್ಕೂ ಒಂದೇ ಕೋಡ್ ಇತ್ತು. ಆಮದು ಮಾಡುವಾಗ ಅವೆಲ್ಲವೂ 'ವಸತಿ ರಸ್ತೆ' ಆದವು. ಪರಿಣಾಮ, ಮರುಭೂಮಿಯ ಮಣ್ಣುದಾರಿ, ತೋಟದ ಮನೆಯ ಖಾಸಗಿ ಹಾದಿ, ಕಾಡಲ್ಲಿ ಮರ ಸಾಗಿಸಲು ಮಾಡಿದ ದಾರಿ ಎಲ್ಲವೂ ನಕ್ಷೆಯಲ್ಲಿ ಬಡಾವಣೆಯ ರಸ್ತೆಗಳಂತೆ ಮೆರೆದವು. ಕೌಂಟಿವಾರು ಹಾಕಿದ್ದರಿಂದ ಗಡಿಯಲ್ಲಿ ರಸ್ತೆಗಳು ಒಂದಕ್ಕೊಂದು ಕೂಡಲಿಲ್ಲ. ಕಣ್ಣಿಗೆ ಒಂದೇ ಗೆರೆ, ಆದರೆ ದಾರಿ ಹುಡುಕುವ ತಂತ್ರಾಂಶಕ್ಕೆ ಅಲ್ಲೊಂದು ಕಂದಕ. ಎರಡು ಸಿಸ್ಟಮ್‌ಗಳ ನಡುವೆ ಡೇಟಾ ಮೈಗ್ರೇಷನ್ ಮಾಡಿದವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ. ಕಾಲಂ ಹೆಸರು ಹೊಂದಿದ ಮಾತ್ರಕ್ಕೆ ಅರ್ಥ ಹೊಂದಲ್ಲ.

ಇನ್ನೊಂದು ವಿಪರ್ಯಾಸ ಕೇಳಿ. ಅದೇ ಹೊತ್ತಿಗೆ ಜನಗಣತಿ ಇಲಾಖೆ 2010ರ ಗಣತಿಗಾಗಿ ಟೈಗರಿನ ರಸ್ತೆಗಳನ್ನು ಕೌಂಟಿ ಕೌಂಟಿಯಾಗಿ ಸರಿಯಾದ ಜಾಗಕ್ಕೆ ಸರಿಸುತ್ತಿತ್ತು. ಹಲವು ಕೌಂಟಿಗಳ ಪರಿಷ್ಕೃತ ಮಾಹಿತಿ ಬಂದದ್ದು ಆಮದಾದ ಮೇಲೆ. ಹೊಸದನ್ನು ತಂದು ಮತ್ತೆ ಸುರಿಯೋಣ ಅಂದರೆ, ಅಷ್ಟರಲ್ಲಿ ಜನ ಕೈಯಾರೆ ತಿದ್ದಲು ಶುರುಮಾಡಿದ್ದರು. ಅವರ ಕೆಲಸ ಅಳಿಸದೆ ಹೊಸದನ್ನು ಹಾಕೋಕಾಗಲ್ಲ. ಆಮದಾದ ಒಂದೊಂದು ರಸ್ತೆಗೂ 'ಟೈಗರ್, ಪರಿಶೀಲನೆ ಆಗಿಲ್ಲ' ಅನ್ನುವ ಚೀಟಿ ಅಂಟಿಸಿದ್ದರು. ಆ ಚೀಟಿ ಹೊತ್ತ ರಸ್ತೆಗಳು ಇವತ್ತಿಗೂ ಸಿಗುತ್ತವೆ.

ಇದಕ್ಕಿಂತ ದೊಡ್ಡ ವಾದ ಜನರ ಬಗ್ಗೆ. ತುಂಬಿದ ನಕ್ಷೆ ಕಂಡರೆ ಹೊಸಬರು ಕೈ ಹಾಕ್ತಾರಾ? ಖಾಲಿ ಜಾಗದಲ್ಲಿ ನಮ್ಮ ಬೀದಿ ನಾವೇ ಎಳೆದ ಖುಷಿ, ಯಾರೋ ಎಳೆದ ಸೊಟ್ಟ ಗೆರೆ ನೆಟ್ಟಗೆ ಮಾಡೋದರಲ್ಲಿ ಸಿಗತ್ತಾ? ಬರ್ಕ್ಲಿಯ ಸಂಶೋಧಕ ಅಭಿಷೇಕ್ ನಾಗರಾಜ್ ಇದನ್ನು ಅಳೆದು ನೋಡಿದರು. ಆಮದಿನಲ್ಲಿ ಕೆಲವು ಕೌಂಟಿಗಳಿಗೆ ಹೆಚ್ಚು ಪೂರ್ಣವಾದ ಮಾಹಿತಿ, ಕೆಲವಕ್ಕೆ ಅರೆಬರೆ ಮಾಹಿತಿ ಸಿಕ್ಕಿತ್ತು. 2021ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹೆಚ್ಚು ಪೂರ್ಣ ಮಾಹಿತಿ ಸಿಕ್ಕ ಕಡೆಗಳಲ್ಲೇ ಆಮೇಲೆ ಜನರ ಕೊಡುಗೆ ಕಡಿಮೆಯಾಯಿತು. ಬಿಟ್ಟಿ ಸಿಕ್ಕಿದ್ದರ ಬೆಲೆ ಅಲ್ಲಿ ಕಾಣತ್ತೆ.

ಹಾಗಂತ ಆಮದೇ ಕೆಟ್ಟದ್ದು ಅನ್ನೋಕಾಗಲ್ಲ. ಅಷ್ಟು ದೊಡ್ಡ ದೇಶವನ್ನು ಬೆರಳೆಣಿಕೆಯ ಜನ ಸೈಕಲ್ ಮೇಲೆ ಸುತ್ತಿ ಮುಗಿಸೋದು ಯಾವಾಗ? ಮಾಡುವ ರೀತಿ ಬೇರೆ ಇರಬಹುದಿತ್ತು. ಫ್ರಾನ್ಸಿನಲ್ಲಿ ಕಂದಾಯ ನಕ್ಷೆಯ ಕಟ್ಟಡಗಳನ್ನು ಸ್ವಯಂಸೇವಕರು ಊರೂರಿಗೆ ಹಂಚಿಕೊಂಡು, ನೋಡಿ ತಂದರು. 2013ರ ಸುಮಾರಿಗೆ ನ್ಯೂಯಾರ್ಕ್ ನಗರದ ಸುಮಾರು 10 ಲಕ್ಷ ಕಟ್ಟಡಗಳನ್ನು ಸಣ್ಣ ತುಂಡುಗಳಾಗಿ ಮಾಡಿ, ಕಣ್ಣಿಟ್ಟು ನೋಡಿ ಸೇರಿಸಿದರು. ಜನ ತಿದ್ದಿದ್ದು ನಗರದ ನಕ್ಷೆ ವಿಭಾಗಕ್ಕೂ ವಾಪಸ್ ತಲುಪುವ ವ್ಯವಸ್ಥೆ ಮಾಡಿದರು. ಈಗ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಆಮದಿಗೆ ನಿಯಮಗಳೇ ಇವೆ: ಮೊದಲು ಸ್ಥಳೀಯರನ್ನು ಕೇಳಿ, ಲೈಸೆನ್ಸ್ ನೋಡಿ, ಬೇರೆ ಖಾತೆಯಿಂದ ಹಾಕಿ.

ನಮ್ಮಲ್ಲಿ ಇಷ್ಟು ವರ್ಷ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ, ಯಾಕಂದ್ರೆ ಸುರಿಯೋಕೆ ಹೆಚ್ಚೇನೂ ಸಿಗುತ್ತಿರಲಿಲ್ಲ. 1767ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಶುರುಮಾಡಿದ ಸರ್ವೆ ಆಫ್ ಇಂಡಿಯಾದ ಹಾಳೆಗಳು ಬಹುಕಾಲ ರಕ್ಷಣೆಯ ಹೆಸರಲ್ಲಿ ಕಟ್ಟುನಿಟ್ಟಾಗಿದ್ದವು. 2005ರ ನೀತಿ ನಕ್ಷೆಗಳನ್ನು ಸೇನೆಗೊಂದು, ಸಾರ್ವಜನಿಕರಿಗೊಂದು ಅಂತ ಎರಡು ಸರಣಿ ಮಾಡಿತು. 2021ರ ಫೆಬ್ರವರಿಯ ಮಾರ್ಗಸೂಚಿ ಬಂದಮೇಲೆ ಭಾರತೀಯರಿಗೆ ನಕ್ಷೆ ಮಾಡಲು ಪೂರ್ವಾನುಮತಿಯ ರಗಳೆ ತಪ್ಪಿತು. ನಾಳೆ ಸರ್ಕಾರಿ ಮಾಹಿತಿ ದೊಡ್ಡದಾಗಿ ತೆರೆದರೆ ಟೈಗರಿನ ಪ್ರಶ್ನೆ ನಮ್ಮ ಬಾಗಿಲಿಗೂ ಬರತ್ತೆ.

ಆಗ ನಮ್ಮ ಕಂದಾಯ ಇಲಾಖೆಯ ಗ್ರಾಮನಕ್ಷೆ ನೆನಪಿಟ್ಟುಕೊಂಡರೆ ಒಳ್ಳೇದು. ಅದು ಹುಟ್ಟಿದ್ದು ಕಂದಾಯಕ್ಕೆ. ಸರ್ವೆ ನಂಬರು, ಖರಾಬು ಜಾಗ, ಹಳ್ಳ ಎಲ್ಲ ಅದರಲ್ಲಿವೆ. ನಮ್ಮೂರಿನ ನಕ್ಷೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುವ ಒಂದು ಬಂಡಿದಾರಿ ಎಷ್ಟೋ ವರ್ಷದ ಹಿಂದೆಯೇ ಹೊಲದೊಳಗೆ ಸೇರಿಹೋಗಿದೆ. ದಿನಾ ಟ್ರ್ಯಾಕ್ಟರ್ ಓಡಾಡುವ ಹಾದಿ ಅದರಲ್ಲಿ ಇಲ್ಲವೇ ಇಲ್ಲ. ದಾಖಲೆಯಲ್ಲಿರುವ ಆ ಗೆರೆ ಸುಳ್ಳಲ್ಲ, ನಾಳೆ ದಾರಿಯ ತಕರಾರು ಎದ್ದರೆ ಕೋರ್ಟಲ್ಲಿ ಅದೇ ಬೇಕು. ಆದರೆ ರಾತ್ರಿ ಹೊತ್ತು ಬರುವ ಆಂಬುಲೆನ್ಸಿಗೆ ಬೇಕಾದ ದಾರಿ ಯಾವುದು ಅಂತ ಹೇಳಬೇಕಾದವರು ಊರಿನವರೇ.

ಸರ್ಕಾರ ಕೊಟ್ಟಿದ್ದನ್ನು ತಗೊಳ್ಳೋಣ, ಅದು ನಮ್ಮ ತೆರಿಗೆಯದ್ದೇ. ಆದರೆ ಊರೂರಿಗೆ ಹಂಚಿಕೊಂಡು, ಅಲ್ಲಿ ನಡೆದಾಡುವವರನ್ನು ಕೇಳಿಕೊಂಡು ತಗೊಳ್ಳೋಣ.