ವಿದೇಶಿ ವಿಮಾನದಲ್ಲಿ ಕೆಲಸ ಸಿಕ್ಕರೆ ಭಾರತದಲ್ಲಿ ತೆರಿಗೆಯೇ ಇಲ್ಲವೇ?

"ವಿದೇಶಿ ವಿಮಾನ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತೆಂದರೆ ನೀವು ಎನ್‌ಆರ್‌ಐ. ಭಾರತದಲ್ಲಿ ಒಂದು ರೂಪಾಯಿ ತೆರಿಗೆಯೂ ಇಲ್ಲ." ವಾಟ್ಸಾಪ್‌ನಲ್ಲಿ ಇಂಥ ಮಾತು ನೀವೂ ಓದಿರಬಹುದು. ಇದು ಅರ್ಧ ಸತ್ಯ.

ನಿಜವೇನು?

ಆದಾಯ ತೆರಿಗೆ ಕಾನೂನು ಮುಖ್ಯವಾಗಿ ನೋಡುವುದು ವೀಸಾವನ್ನಲ್ಲ, ನೀವು ಭಾರತದಲ್ಲಿ ಇದ್ದ ದಿನಗಳನ್ನು. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 182 ದಿನ ಅಥವಾ ಅದಕ್ಕಿಂತ ಹೆಚ್ಚು ಇಲ್ಲಿದ್ದರೆ ನೀವು 'ನಿವಾಸಿ'. ವಿದೇಶದಲ್ಲಿ ನೆಲೆಸಿದ ಭಾರತೀಯರು ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ 'ಅನಿವಾಸಿ'. 2025ರ ಹೊಸ ಕಾಯ್ದೆಯಲ್ಲೂ ಈ ಅಳತೆ ಹಾಗೆಯೇ ಇದೆ.

ಒಂದು ಉದಾಹರಣೆ

ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಹುಡುಗಿಯೊಬ್ಬಳು ಮೂರು ವರ್ಷದ ಹಿಂದೆ ದುಬೈಗೆ ಹೋಗಿ ಗಗನಸಖಿಯಾದಳು ಎಂದುಕೊಳ್ಳಿ. ರಜೆಗೆ ಊರಲ್ಲಿ 70 ದಿನ, ಡ್ಯೂಟಿಯಲ್ಲಿ ಬೆಂಗಳೂರು, ಮುಂಬೈಗಳಲ್ಲಿ ತಂಗಿದ್ದು 40 ದಿನ. ಒಟ್ಟು 110. ಅವಳು ಅನಿವಾಸಿ, ದುಬೈ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ.

ಮರುವರ್ಷ ಅಮ್ಮನಿಗೆ ಹುಷಾರಿಲ್ಲವೆಂದು ಐದು ತಿಂಗಳು ಊರಲ್ಲೇ ಉಳಿದಳು. 150 ದಿನಕ್ಕೆ ಡ್ಯೂಟಿಯ 40 ಸೇರಿ 190. ಈಗ ಅವಳು ನಿವಾಸಿ. ದುಬೈ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ, ಅಲ್ಲಿನ ಬ್ಯಾಂಕ್ ಖಾತೆಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಡ್ಯೂಟಿಗೆ ಬಂದ ದಿನ ಲೆಕ್ಕಕ್ಕಿಲ್ಲ ಎಂದು ನಂಬಿದವರು ಎಡವುವುದು ಇಲ್ಲೇ.

15 ಲಕ್ಷದ ನಿಯಮ

ಭಾರತದಲ್ಲಿ ತೆರಿಗೆಗೆ ಒಳಪಡುವ ಆದಾಯ 15 ಲಕ್ಷ ರೂಪಾಯಿ ದಾಟಿದ್ದು, ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದಿದ್ದರೆ, 182ರ ಬದಲು 120 ದಿನಕ್ಕೇ ನಿವಾಸಿ ಎನಿಸುತ್ತೀರಿ. ಆದರೆ 182 ತಲುಪದಿದ್ದರೆ ವಿದೇಶಿ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. 2020ರ ಬಜೆಟ್ ನಂತರ ಹಬ್ಬಿದ "ಗಲ್ಫ್ ಸಂಬಳಕ್ಕೆಲ್ಲ ತೆರಿಗೆ" ಎಂಬ ಸುದ್ದಿ ಸುಳ್ಳು. ಸರ್ಕಾರ ಆಗಲೇ ಸ್ಪಷ್ಟನೆ ಕೊಟ್ಟಿತ್ತು.

ಊರಿನ ಆದಾಯ?

ಅಡಿಕೆ ತೋಟದ ಫಸಲಿನ ಹಣ ಕೃಷಿ ಆದಾಯ, ಅದಕ್ಕೆ ವಿನಾಯಿತಿ ಇದೆ. ಮನೆ ಬಾಡಿಗೆ, ಎನ್‌ಆರ್‌ಒ ಖಾತೆಯ ಬಡ್ಡಿ ಮಾತ್ರ ಅನಿವಾಸಿಗೂ ತೆರಿಗೆಯ ಲೆಕ್ಕಕ್ಕೆ ಸೇರುತ್ತವೆ.

ಏನು ಮಾಡಬೇಕು?

- ಡ್ಯೂಟಿ ರೋಸ್ಟರ್ ಜೋಪಾನ ಮಾಡಿ. ಸಿಬ್ಬಂದಿಯ ಪಾಸ್‌ಪೋರ್ಟ್‌ಗೆ ಪ್ರತಿ ಸಲ ಮುದ್ರೆ ಬೀಳದಿರಬಹುದು.
- ಬಂದ ದಿನ, ಹೋದ ದಿನ ಎರಡನ್ನೂ ಎಣಿಸಿ. ಅದೇ ಸುರಕ್ಷಿತ.
- ಹಡಗಿನವರಿಗೆ ದಿನ ಎಣಿಸುವ ಪ್ರತ್ಯೇಕ ನಿಯಮವಿದೆ. ಅದು ವಿಮಾನದವರಿಗೆ ಅನ್ವಯಿಸದು.
- ಜನವರಿಯಲ್ಲೇ ಒಮ್ಮೆ ದಿನಗಳನ್ನು ಕೂಡಿ ನೋಡಿ. ಗಡಿ ಹತ್ತಿರವಿದ್ದರೆ ಲೆಕ್ಕಪರಿಶೋಧಕರನ್ನು ಕೇಳಿ.

ಮುಂದಿನ ಸಲ ಆ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಕೇಳಿ: ಎಷ್ಟು ದಿನ ಊರಲ್ಲಿದ್ದಿರಿ?