ಜೀಬ್ರಾ

ಆಫ್ರಿಕ ಖಂಡದ ಹುಲ್ಲುಬಯಲು ಮತ್ತು ಗುಡ್ಡಗಾಡುಗಳಲ್ಲಿ ಬದುಕುವ ಪಟ್ಟೆಮೈಯ ಸ್ತನಿ. ಈಕ್ವಿಡೀ ಕುಟುಂಬಕ್ಕೆ ಸೇರಿದ್ದು, ಕುದುರೆ ಕತ್ತೆಗಳ ಸಮೀಪಬಂಧು. ಬಯಲು ಜೀಬ್ರಾ, ಬೆಟ್ಟದ ಜೀಬ್ರಾ, ಗ್ರೇವಿ ಜೀಬ್ರಾ ಎಂಬ ಮೂರು ಪ್ರಭೇದಗಳಿವೆ. ಇವುಗಳಲ್ಲಿ ಬಯಲು ಜೀಬ್ರಾದ ಸಂಖ್ಯೆಯೇ ಹೆಚ್ಚು. ಕೀನ್ಯದ ಉತ್ತರ ಭಾಗ ಮತ್ತು ಇಥಿಯೋಪಿಯದಲ್ಲಷ್ಟೇ ಉಳಿದಿರುವ ಗ್ರೇವಿ ಜೀಬ್ರಾ ಅಳಿವಿನಂಚಿನಲ್ಲಿದೆ.

ಜೀವನಕ್ರಮ: ಬಯಲು ಜೀಬ್ರಾದ ಕುಟುಂಬದಲ್ಲಿ ಒಂದು ಗಂಡು, ಕೆಲವು ಹೆಣ್ಣು ಹಾಗೂ ಮರಿಗಳಿರುತ್ತವೆ. ಗ್ರೇವಿ ಜೀಬ್ರಾದಲ್ಲಿ ಇಂಥ ಕಾಯಂ ಕುಟುಂಬವಿಲ್ಲ. ಗಂಡು ತನ್ನ ನೆಲ ಕಾಯುತ್ತದೆ, ಹೆಣ್ಣುಗಳು ಬಂದುಹೋಗುತ್ತವೆ. ಗರ್ಭಾವಧಿ 12ರಿಂದ 13 ತಿಂಗಳು. ಜೀಬ್ರಾ ಮೆಲುಕು ಹಾಕುವುದಿಲ್ಲ. ಒರಟು ಹುಲ್ಲನ್ನೂ ಹೆಚ್ಚು ಪ್ರಮಾಣದಲ್ಲಿ ತಿಂದು ಅರಗಿಸಿಕೊಳ್ಳಬಲ್ಲದಾದ್ದರಿಂದ ಸೆರೆಂಗೆಟಿಯ ವಲಸೆಯಲ್ಲಿ ವೈಲ್ಡ್‌ಬೀಸ್ಟ್‌ಗಳಿಗಿಂತ ಮುಂದೆ ಸಾಗುತ್ತದೆ. ಬೋಟ್ಸ್ವಾನದಲ್ಲಿ 1968ರಲ್ಲಿ ಹಾಕಿದ ಜಾನುವಾರು ಬೇಲಿ ಒಕವಾಂಗೊ–ಮಕ್‌ಗಡಿಕ್‌ಗಡಿ ವಲಸೆಯನ್ನು ತಡೆದಿತ್ತು. 2004ರಲ್ಲಿ ಬೇಲಿ ತೆಗೆದ ಕೆಲವೇ ವರ್ಷಗಳಲ್ಲಿ ಜೀಬ್ರಾಗಳು ಆ ದಾರಿಯನ್ನು ಮತ್ತೆ ಹಿಡಿದವು. ಹಳೆಯ ವಲಸೆಯನ್ನು ಕಂಡ ಜೀಬ್ರಾ ಆ ಹೊತ್ತಿಗೆ ಬದುಕಿರುವುದು ಅಸಂಭವ.

ಪಟ್ಟೆಗಳು: ಪ್ರತಿ ಜೀಬ್ರಾದ ಪಟ್ಟೆವಿನ್ಯಾಸ ಬೇರೆ. ಅವು ಏತಕ್ಕೆ ಎಂಬ ಚರ್ಚೆ ಹಳೆಯದು. ಬಟ್ಟಬಯಲಲ್ಲಿ ಅವು ರಕ್ಷಣೆ ನೀಡಲಾರವೆಂದು 1871ರಲ್ಲಿ ಡಾರ್ವಿನ್ ಬರೆದ; ಮುಸ್ಸಂಜೆಯ ಬೆಳಕಿನಲ್ಲಿ ಪ್ರಾಣಿಯನ್ನು ಮರೆಮಾಡುತ್ತವೆ ಎಂಬುದು ವಾಲೇಸನ ವಾದ. 2016ರ ಅಧ್ಯಯನವೊಂದು ವಾಲೇಸನ ಪರ ನಿಲ್ಲಲಿಲ್ಲ: ಹಗಲಿನಲ್ಲಿ ಸುಮಾರು 50 ಮೀಟರಿನಾಚೆ ಸಿಂಹದ ಕಣ್ಣಿಗೆ ಪಟ್ಟೆಗಳೇ ಬೇರೆಯಾಗಿ ಕಾಣವು, ಅದಕ್ಕಿಂತ ಹತ್ತಿರ ಬಂದರೆ ವಾಸನೆ, ಸದ್ದುಗಳಿಂದಲೇ ಅದಕ್ಕೆ ಸುಳಿವು ಸಿಕ್ಕಿರುತ್ತದೆ.

ಸದ್ಯ ಹೆಚ್ಚು ಪುರಾವೆಯಿರುವುದು ನೊಣದ ವಾದಕ್ಕೆ. ಆಫ್ರಿಕದ ಕಚ್ಚುವ ಕೀಟಗಳು ಕುದುರೆ ಕುಲಕ್ಕೆ ಮಾರಕ ರೋಗಗಳನ್ನು ಹರಡುತ್ತವೆ. 2014ರಲ್ಲಿ ಟಿಮ್ ಕಾರೊ ತಂಡ ಈ ಕುಲದ ಪ್ರಾಣಿಗಳನ್ನು ಹೋಲಿಸಿ, ಕುದುರೆನೊಣಗಳ ಹಾವಳಿ ಇರುವ ಕಡೆಯೇ ಪಟ್ಟೆಯೂ ಹೆಚ್ಚೆಂದು ತೋರಿಸಿತು. 2019ರಲ್ಲಿ ಇಂಗ್ಲೆಂಡಿನ ಕುದುರೆಲಾಯವೊಂದರಲ್ಲಿ ನಡೆದ ಪ್ರಯೋಗ ಇನ್ನೂ ಸ್ವಾರಸ್ಯಕರ. ನೊಣಗಳು ಜೀಬ್ರಾ, ಕುದುರೆ ಎರಡರ ಸುತ್ತಲೂ ಒಂದೇ ಪ್ರಮಾಣದಲ್ಲಿ ಸುಳಿದವು; ಆದರೆ ಜೀಬ್ರಾ ಮೇಲೆ ಕೂತದ್ದು ತೀರಾ ಕಡಿಮೆ. ಕುದುರೆಗಳಿಗೆ ಪಟ್ಟೆಹೊದಿಕೆ ತೊಡಿಸಿದಾಗಲೂ ಹಾಗೆಯೇ ಆಯಿತು, ಹೊದಿಕೆಯಿಲ್ಲದ ತಲೆಯ ಮೇಲೆ ಮಾತ್ರ ಅವು ಎಂದಿನಂತೆ ಕೂತವು. ಅಂದರೆ ಪಟ್ಟೆ ನೊಣವನ್ನು ದೂರದಿಂದ ಅಟ್ಟುವುದಿಲ್ಲ, ಇಳಿಯುವ ಕೊನೆಗಳಿಗೆಯಲ್ಲಿ ದಿಕ್ಕುತಪ್ಪಿಸುತ್ತದೆ. ಪಟ್ಟೆ ಮೈಯನ್ನು ತಂಪಾಗಿಡುತ್ತದೆಂಬ ವಾದಕ್ಕೆ ಇಷ್ಟು ಬಲವಿಲ್ಲ.

ಕ್ವಾಗ: ಬಯಲು ಜೀಬ್ರಾದ ದಕ್ಷಿಣದ ಉಪಪ್ರಭೇದ. ಮೈಯ ಮುಂಭಾಗದಲ್ಲಷ್ಟೇ ಪಟ್ಟೆಯಿತ್ತು. ಬೇಟೆಗೆ ಸಿಕ್ಕಿ ಅಳಿಯಿತು. ಕೊನೆಯದು 1883ರ ಆಗಸ್ಟ್ 12ರಂದು ಆಮ್‌ಸ್ಟರ್ಡ್ಯಾಮ್ ಮೃಗಾಲಯದಲ್ಲಿ ಸತ್ತಿತು. ಅಳಿದ ಪ್ರಾಣಿಗಳ ಪೈಕಿ ಡಿಎನ್‌ಎ ಓದಲಾದ ಮೊದಲನೆಯದು ಇದೇ (1984). 1987ರಿಂದ ದಕ್ಷಿಣ ಆಫ್ರಿಕದಲ್ಲಿ ಆಯ್ದ ಜೀಬ್ರಾಗಳನ್ನು ಕೂಡಿಸಿ ಕಡಿಮೆ ಪಟ್ಟೆಯ ತಳಿಯನ್ನು ಬೆಳೆಸಲಾಗುತ್ತಿದೆ. ಅವು ನೋಟಕ್ಕೆ ಕ್ವಾಗವನ್ನು ಹೋತರೂ ಕ್ವಾಗ ಎನ್ನಲಾಗದು.